ಜೆಪೆಗ್ ಫೋಟೋ ಇಟ್ಟಲ್ಲೇ ಹಾಳಾಗ್ತದಾ? ಅಪ್ಪನ ಹಳೇ ಫೋಟೋ ಯಾವ ಫಾರ್ಮ್ಯಾಟಲ್ಲಿ ಇಡೋದು?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರೋದು. ಅಪ್ಪ 1968ರಲ್ಲಿ ಉಡುಪಿ ಕಡೆಯಿಂದ ಮುಂಬೈಗೆ ಬಂದು ಮಾಟುಂಗದ ಹೋಟೆಲಲ್ಲಿ ಕೆಲಸಕ್ಕೆ ಸೇರಿ, ಆಮೇಲೆ ಫೋರ್ಟಲ್ಲಿ ಸಣ್ಣ ಕ್ಯಾಂಟೀನ್ ನಡೆಸಿದವರು. ಅವರ ಕಾಲದ ಸುಮಾರು 600 ಪ್ರಿಂಟ್, ಒಂದು ಬಿಸ್ಕತ್ ಡಬ್ಬಿ ತುಂಬ ನೆಗೆಟಿವ್ ಉಂಟು. ಮನೆಯ ಪ್ರಿಂಟರಿನ ಸ್ಕ್ಯಾನರಲ್ಲೇ 60-70 ಸ್ಕ್ಯಾನ್ ಮಾಡಿದೆ, ಎಲ್ಲಾ ಜೆಪೆಗ್ ಆಗಿ ಸೇವ್ ಆಗಿದೆ. ಪುಣೆಯಲ್ಲಿರೋ ತಂಗಿ ಮಗ ಹೇಳ್ತಾನೆ, ಜೆಪೆಗ್ ಅಂದ್ರೆ ವರ್ಷ ಹೋದ ಹಾಗೆ ಕ್ವಾಲಿಟಿ ಕಳ್ಕೊಳ್ತದೆ, ಎಲ್ಲಾ ಪಿಎನ್‌ಜಿ ಮಾಡಿ ಅಂತ. ಇಲ್ಲಿಯ ಸ್ಟುಡಿಯೋದವರು ಟಿಫ್ ಅಂತಾರೆ. ಫೋನಲ್ಲಿ ಬೇರೆ 14,000 ಫೋಟೋ ಉಂಟು, ಅದನ್ನೂ ಕನ್ವರ್ಟ್ ಮಾಡ್ಬೇಕಾ? 1 ಟಿಬಿ ಹಾರ್ಡ್‌ಡಿಸ್ಕ್ ಸಾಕಾ? ಎರಡು ಸ್ಯಾಂಪಲ್ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ:

ನಿಮ್ಮ ತಂಗಿ ಮಗ ಹೇಳಿದ್ದು ಅರ್ಧ ಸರಿ ಉಂಟು, ಆದ್ರೆ ನಿಮಗೆ ಹೆದರಿಕೆ ಹುಟ್ಟಿಸಿದ್ದು ತಪ್ಪಾದ ಅರ್ಧ. ಗಡಿಬಿಡಿಯಲ್ಲಿದ್ರೆ ಇಷ್ಟು ಓದಿ ಸಾಕು: ಪ್ರಿಂಟ್ ಮತ್ತೆ ನೆಗೆಟಿವ್ ಸ್ಕ್ಯಾನ್ ಮಾಡುವಾಗಲೇ ಟಿಫಲ್ಲಿ ಮಾಡಿ, ಫೋನಿನ ಫೋಟೋ ಹೇಗೆ ಬಂದಿದೆಯೋ ಹಾಗೇ ಬಿಡಿ ಒಂದನ್ನೂ ಕನ್ವರ್ಟ್ ಮಾಡ್ಬೇಡಿ, 1 ಟಿಬಿ ಜಾಗ ಧಾರಾಳ ಆಯ್ತು ಆದ್ರೆ ಒಂದೇ ಡಿಸ್ಕ್ ಸಾಲದು. ಟೈಮ್ ಇದ್ರೆ ಮುಂದೆ ಓದಿ, ಯಾಕೆ ಅಂತ ಗೊತ್ತಿದ್ರೆ ನಾಳೆ ಇನ್ನೊಬ್ಬ ಬಂದು ಇನ್ನೊಂದು ಹೇಳಿದಾಗ ಮಂಡೆಬಿಸಿ ಆಗೋದಿಲ್ಲ.

ಮೊದಲು ಆ "ವರ್ಷ ಹೋದ ಹಾಗೆ" ಅನ್ನೋ ಮಾತು. ಜೆಪೆಗ್ ಫೈಲ್ ಅಂದ್ರೆ ಡಿಸ್ಕಲ್ಲಿ ಬರೆದಿಟ್ಟ ಅಂಕಿಗಳು ಅಷ್ಟೇ. ಹತ್ತು ವರ್ಷ ಇಟ್ರೂ, ಸಾವಿರ ಸಲ ತೆರೆದು ನೋಡಿದ್ರೂ, ಪೆನ್‌ಡ್ರೈವಿಂದ ಪೆನ್‌ಡ್ರೈವಿಗೆ ನೂರು ಸಲ ಕಾಪಿ ಮಾಡಿದ್ರೂ ಒಂದು ಅಂಕಿಯೂ ಬದಲಾಗೋದಿಲ್ಲ. ಡಿಸ್ಕೇ ಕೆಟ್ಟೋದ್ರೆ ಬೇರೆ ವಿಷಯ, ಅದು ಟಿಫನ್ನೂ ಬಿಡೋದಿಲ್ಲ. ಕ್ವಾಲಿಟಿ ಹೋಗೋದು ಫೋಟೋ ತೆರೆದು ಏನಾದ್ರೂ ಬದಲಾಯಿಸಿ ಪುನಃ ಜೆಪೆಗ್ ಆಗಿ *ಸೇವ್* ಮಾಡಿದಾಗ. ನೋಡಿದ್ದಕ್ಕೆ ಲೆಕ್ಕ ಇಲ್ಲ, ಸೇವ್ ಮಾಡಿದ್ದಕ್ಕೆ ಲೆಕ್ಕ.

ಇದು ಹೇಗೆ ಅಂತ ನಿಮ್ಮಪ್ಪನ ಕ್ಯಾಂಟೀನಿನ ಲೆಕ್ಕದಲ್ಲೇ ಹೇಳ್ತೇನೆ, ಯಾಕಂದ್ರೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ವೇಟರ್ ಚೀಟಿಯಲ್ಲಿ "ಇಡ್ಲಿ ಇಡ್ಲಿ ಇಡ್ಲಿ ಇಡ್ಲಿ" ಅಂತ ಬರೀತಾನಾ? ಇಲ್ಲ, "ಇಡ್ಲಿ 4" ಅಂತ ಬರೀತಾನೆ. ಚೀಟಿ ಸಣ್ಣದಾಯ್ತು, ಆದ್ರೆ ಒಂದು ಇಡ್ಲಿಯೂ ಕಮ್ಮಿ ಆಗ್ಲಿಲ್ಲ, ಬೇಕಾದಾಗ ಪೂರ್ತಿ ಬಿಡಿಸಿ ಹೇಳ್ಬಹುದು. ಇದು ಲಾಸ್‌ಲೆಸ್, ಅಂದ್ರೆ ಏನೂ ಕಳೆಯದೆ ಕುಗ್ಗಿಸೋದು. ಪಿಎನ್‌ಜಿ ಮತ್ತೆ ಎಲ್‌ಝಡ್‌ಡಬ್ಲ್ಯೂ ಅಥವಾ ಜಿಪ್ (ಎರಡೂ ಹೀಗೆ ಕುಗ್ಗಿಸುವ ವಿಧಾನಗಳ ಹೆಸರು) ಹಾಕಿದ ಟಿಫ್ ಮಾಡೋದು ಇಂಥದ್ದೇ ಕೆಲಸ. ಇನ್ನು ಕ್ಯಾಶ್ ಕೌಂಟರಲ್ಲಿ ಚಿಲ್ಲರೆ ಇಲ್ಲ ಅಂತ 47 ರೂಪಾಯಿ ಬಿಲ್ಲನ್ನ 45 ಅಂತ ಬರೆದ್ರೆ? ಆ ಎರಡು ರೂಪಾಯಿ ಎಲ್ಲೂ ಬರೆದಿಲ್ಲ, ಸಂಜೆ ಲೆಕ್ಕ ಹಾಕುವಾಗ ಎಷ್ಟು ಹುಡುಕಿದ್ರೂ ಸಿಗೋದಿಲ್ಲ. ಜೆಪೆಗ್ ಮಾಡೋದು ಇದನ್ನ. ಫೋಟೋವನ್ನ 8×8 ಪಿಕ್ಸೆಲಿನ ಚೌಕ ಚೌಕ ಮಾಡಿ, ಪ್ರತಿ ಚೌಕದ 64 ಬೆಲೆಗಳನ್ನ ದೊಡ್ಡ ಏರಿಳಿತ ಎಷ್ಟು, ಸಣ್ಣ ಏರಿಳಿತ ಎಷ್ಟು ಅಂತ ಬೇರೆ ರೀತಿಯ 64 ಅಂಕಿ ಮಾಡಿ, ಆಮೇಲೆ ಅವನ್ನ ರೌಂಡ್ ಮಾಡ್ತದೆ. ಕಣ್ಣಿಗೆ ಬೇಗ ಕಾಣದ ಸಣ್ಣ ಏರಿಳಿತಕ್ಕೆ ಜೋರು ರೌಂಡಿಂಗ್, ಹೆಚ್ಚಿನವು ಸೊನ್ನೆಯೇ ಆಗ್ತವೆ. ಅದಕ್ಕೂ ಮುಂಚೆ ಬಣ್ಣವನ್ನ ಬೆಳಕಿನಿಂದ ಬೇರೆ ಮಾಡಿ, ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ನಾಲ್ಕು ಪಿಕ್ಸೆಲಿಗೆ ಒಂದೇ ಬಣ್ಣ ಅಂತ ಇಟ್ಕೊಳ್ತದೆ. 1992ರಲ್ಲಿ ಈ ಸ್ಟ್ಯಾಂಡರ್ಡ್ ಬಂದಾಗ ಡಿಸ್ಕಿನ ಜಾಗ ಬಂಗಾರದ ಹಾಗೆ, ಅವತ್ತಿಗೆ ಇದು ಮಹಾ ಬುದ್ಧಿವಂತಿಕೆ. ಇವತ್ತಿಗೂ ಹೌದು, ಜೆಪೆಗನ್ನ ಬೈಯ್ಯೋದು ನನಗೆ ಸೇರೋದಿಲ್ಲ.

ಅದೇ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮ ಉಂಟು, ಇದನ್ನ ಹೆಚ್ಚಿನವರು ತಪ್ಪು ಹೇಳ್ತಾರೆ. 45 ಅಂತ ಬರೆದ ಬಿಲ್ಲನ್ನ ಪುನಃ ರೌಂಡ್ ಮಾಡಿದ್ರೆ 45 ಆಗಿಯೇ ಉಳೀತದೆ. ಹಾಗಾಗಿ ಅದೇ ಸಾಫ್ಟ್‌ವೇರಲ್ಲಿ ಅದೇ ಕ್ವಾಲಿಟಿ ಸೆಟ್ಟಿಂಗಲ್ಲಿ ಏನೂ ಬದಲಾಯಿಸದೆ ಇಪ್ಪತ್ತು ಸಲ ಸೇವ್ ಮಾಡಿದ್ರೆ ಮೊದಲ ಒಂದೆರಡು ಸಲ ಆದ ಡ್ಯಾಮೇಜಿಗಿಂತ ಜಾಸ್ತಿ ಏನೂ ಆಗೋದಿಲ್ಲ, ನಾನೇ ಮಾಡಿ ನೋಡಿದ್ದೇನೆ. ಆದ್ರೆ ಆ 45ಕ್ಕೆ ಒಂದು ಚಾ ಸೇರಿಸಿ 57 ಆಯ್ತು ಅನ್ನಿ, ಹೊಸ ರೌಂಡಿಂಗ್, ಹೊಸ ನಷ್ಟ. ಇವತ್ತು ಸ್ವಲ್ಪ ಬ್ರೈಟ್ ಮಾಡಿ ಸೇವ್, ನಾಳೆ ಅಂಚು ಕಟ್ ಮಾಡಿ ಸೇವ್ (ಆಗ 8×8 ಚೌಕಗಳೇ ಬೇರೆ ಕಡೆ ಬೀಳ್ತವೆ), ನಾಡಿದ್ದು ಅಣ್ಣನಿಗೆ ಕಳಿಸುವಾಗ ಆ್ಯಪ್ ಪುನಃ ಕುಗ್ಗಿಸಿ ಸೇವ್, ಅವರು ಅದರದ್ದೇ ಫಾರ್ವರ್ಡ್, ಹೀಗೆ ಹೋದಾಗಲೇ ಫೋಟೋ ಗಂಜಿ ಆಗೋದು.

ಈಗ ನಿಮ್ಮ ಸ್ಯಾಂಪಲ್. ಎರಡೂ ಒಂದೇ ಫೋಟೋ, ಕೌಂಟರಿನ ಹಿಂದೆ ಅಪ್ಪ ಬಿಳಿ ಶರ್ಟಲ್ಲಿ ಕೂತಿದ್ದಾರೆ, ಹಿಂದೆ ಕಪ್ಪು ಬೋರ್ಡಲ್ಲಿ ಚಾಕ್‌ಪೀಸಲ್ಲಿ ಬರೆದ ತಿಂಡಿ ಪಟ್ಟಿ, ಮೇಲೆ ದೇವರ ಫೋಟೋ ಹತ್ರ ಕೆಂಪು ಬಲ್ಬು. ವಾಟ್ಸಾಪಲ್ಲಿ ಬಂದದ್ದು ಉದ್ದ ಬದಿಗೆ 1600 ಪಿಕ್ಸೆಲ್, ಇ-ಮೇಲಲ್ಲಿ ಅಟ್ಯಾಚ್ ಮಾಡಿದ್ದು 3600. 400 ಪರ್ಸೆಂಟ್ ಜೂಮ್ ಮಾಡಿದೆ. ವಾಟ್ಸಾಪ್ ಕಾಪಿಯಲ್ಲಿ ಬೋರ್ಡಿನ ಅಕ್ಷರದ ಸುತ್ತ ಬೂದಿ ಬಣ್ಣದ ಚುಕ್ಕಿ ಚುಕ್ಕಿ, ಹಣ್ಣಿನ ಮೇಲೆ ನುಸಿ ಮುತ್ತಿದ ಹಾಗೆ. "ಉಪ್ಪಿಟ್ಟು" ಓದ್ಲಿಕ್ಕಾಗ್ತದೆ, ಪಕ್ಕದ ರೇಟ್ 50 ಪೈಸೆಯೋ 60 ಪೈಸೆಯೋ ಗೊತ್ತಾಗೋದಿಲ್ಲ. ಕೆಂಪು ಬಲ್ಬಿನ ಬಣ್ಣ ಬಲ್ಬಿನ ಗೆರೆ ದಾಟಿ ಗೋಡೆಗೆ ಹರಡಿದೆ, ಅದು ನಾಲ್ಕು ಪಿಕ್ಸೆಲಿಗೆ ಒಂದು ಬಣ್ಣ ಅಂತ ಹೇಳಿದ್ನಲ್ಲ, ಅದರ ಪ್ರಸಾದ. ಅಪ್ಪನ ಶರ್ಟಿನ ನೆರಳು ಇರುವಲ್ಲಿ ಚೌಕ ಚೌಕ ಬಿಲ್ಲೆ ಕಾಣ್ತದೆ, ಸಿಮೆಂಟಿಗೆ ಟೈಲ್ಸ್ ಹಾಕಿದ ಹಾಗೆ. ಇ-ಮೇಲಲ್ಲಿ ಬಂದ ಫೈಲಲ್ಲಿ 60 ಪೈಸೆ ಅಂತ ಸ್ಪಷ್ಟ ಉಂಟು! ಆದ್ರೂ ಅಕ್ಷರದ ಸುತ್ತ ನುಸಿ ಸ್ವಲ್ಪ ಇದೆ, ಯಾಕಂದ್ರೆ ನಿಮ್ಮ ಸ್ಕ್ಯಾನರ್ ಸಾಫ್ಟ್‌ವೇರ್ ಜೆಪೆಗ್ ಕ್ವಾಲಿಟಿಯನ್ನ ಮೀಡಿಯಮ್ಮಲ್ಲಿ ಇಟ್ಟಿರ್ಬೇಕು, ಕಂಪನಿಯವರು ಹಾಗೇ ಸೆಟ್ ಮಾಡಿ ಕಳಿಸೋದು ಜಾಸ್ತಿ.

ಈಗ ಆ 60-70 ಸ್ಕ್ಯಾನನ್ನ ಟಿಫೋ ಪಿಎನ್‌ಜಿಯೋ ಮಾಡಿದ್ರೆ ಸರಿ ಆಗ್ತದಾ? ಇಲ್ಲ. ರೌಂಡ್ ಆದ 45ನ್ನ ಎಷ್ಟು ಚಂದದ ಪುಸ್ತಕದಲ್ಲಿ ಬರೆದ್ರೂ 47 ಆಗೋದಿಲ್ಲ, ನುಸಿ ಸಮೇತ ಭದ್ರವಾಗಿ ಇಟ್ಟ ಹಾಗೆ ಆಗ್ತದೆ, ಫೈಲ್ ಮಾತ್ರ ಹತ್ತು ಪಟ್ಟು ದೊಡ್ಡದು. ಬೇಜಾರಾದ್ರೂ ಅವನ್ನ ಪುನಃ ಸ್ಕ್ಯಾನ್ ಮಾಡಿ, ಪ್ರಿಂಟ್ ಕೈಯಲ್ಲೇ ಉಂಟಲ್ಲ.

ಫೋನಿನ 14,000ಕ್ಕೂ ಇದೇ ಮಾತು. 12 ಮೆಗಾಪಿಕ್ಸೆಲ್ ಫೋಟೋ ಅಂದ್ರೆ 4000×3000, ಒಂದು ಪಿಕ್ಸೆಲಿಗೆ ಮೂರು ಬೈಟ್, ಟಿಫ್ ಮಾಡಿದ್ರೆ ಒಂದೊಂದು 36 ಎಂಬಿ, ಒಟ್ಟು 504 ಜಿಬಿ. ಈಗ ಅದೇ ಫೋಟೋಗಳು 50 ಜಿಬಿ ಆಸುಪಾಸಲ್ಲಿ ಕೂತಿರ್ಬಹುದು. ಡಿಸ್ಕಿನ ಅರ್ಧ ಭಾಗ ಗಾಳಿ ತುಂಬಿಸಿ ಇಟ್ಟ ಹಾಗೆ. ಫೋನ್ ಕೊಟ್ಟ ಜೆಪೆಗೇ ಅದರ ಒರಿಜಿನಲ್, ಅದನ್ನ ಮುಟ್ಬೇಡಿ, ಎಡಿಟ್ ಮಾಡ್ಬೇಕಿದ್ರೆ ಕಾಪಿ ಮಾಡಿ ಆ ಕಾಪಿಯಲ್ಲಿ ಮಾಡಿ. ಮನೆಯಲ್ಲಿ ಯಾರದ್ದಾದ್ರೂ ಐಫೋನ್ ಇದ್ರೆ 2017ರ ಐಒಎಸ್ 11ರ ನಂತರ ಎಚ್‌ಇಐಸಿ ಅಂತ ಫೈಲ್ ಬರ್ತದೆ, ಅದು ಜೆಪೆಗಿಗಿಂತ ಸಣ್ಣ ಜಾಗದಲ್ಲಿ ಅಷ್ಟೇ ಕ್ವಾಲಿಟಿ ಹಿಡಿತದೆ ಆದ್ರೆ ಅದೂ ರೌಂಡಿಂಗ್ ಜಾತಿಯದ್ದೇ, ಹಾಗಾಗಿ ಅದನ್ನ ಜೆಪೆಗ್ ಮಾಡಿದ್ರೆ ರೌಂಡಿಂಗ್ ಮೇಲೆ ರೌಂಡಿಂಗ್. ಕಂಪ್ಯೂಟರಿಗೆ ಹಾಕುವ ಮುಂಚೆ ಫೋನಿನ ಫೋಟೋಸ್ ಸೆಟ್ಟಿಂಗಲ್ಲಿ "ಕೀಪ್ ಒರಿಜಿನಲ್ಸ್" ಅಂತ ಇದೆ, ಅದನ್ನ ಆರಿಸಿ. ಗೂಗಲ್ ಫೋಟೋಸಲ್ಲಿ "ಸ್ಟೋರೇಜ್ ಸೇವರ್" ಆನ್ ಇದ್ರೆ ಅಲ್ಲಿರೋದು ಕುಗ್ಗಿಸಿದ ಕಾಪಿ ಅನ್ನೋದೂ ನೆನಪಿರ್ಲಿ, ಅದನ್ನ ನಂಬಿ ಫೋನಿಂದ ಡಿಲೀಟ್ ಮಾಡಿದ್ರೆ ಒರಿಜಿನಲ್ ಹೋಯ್ತು.

ಇನ್ನು ಟಿಫಾ ಪಿಎನ್‌ಜಿಯಾ. ಚಿತ್ರದ ಮಟ್ಟಿಗೆ ಇಬ್ಬರೂ ಪ್ರಾಮಾಣಿಕರು, ಒಂದು ಪಿಕ್ಸೆಲ್ ಕದಿಯೋದಿಲ್ಲ, ಹಾಗಾಗಿ ತಂಗಿ ಮಗನನ್ನ ಬೈಬೇಡಿ. ಪಿಎನ್‌ಜಿ ಹುಟ್ಟಿದ್ದೇ ಒಂದು ಜಗಳದಿಂದ, ಜಿಫ್ ಅನ್ನೋ ಹಳೇ ಚಿತ್ರ ಫಾರ್ಮ್ಯಾಟಲ್ಲಿದ್ದ ಎಲ್‌ಝಡ್‌ಡಬ್ಲ್ಯೂ ವಿಧಾನದ ಪೇಟೆಂಟಿಗೆ ಯೂನಿಸಿಸ್ ಕಂಪನಿ ದುಡ್ಡು ಕೇಳ್ಲಿಕ್ಕೆ ಶುರು ಮಾಡಿದಾಗ ಜನ ಸೇರಿ ಬೇರೆ ದಾರಿ ಮಾಡಿದ್ರು, 1996ರಲ್ಲಿ ಅದು ಸ್ಟ್ಯಾಂಡರ್ಡ್ ಆಯ್ತು. ಸ್ಕ್ರೀನ್‌ಶಾಟ್, ಲೋಗೋ, ಲಗ್ನಪತ್ರಿಕೆಯ ಡಿಸೈನ್ ಇಂಥದ್ದಕ್ಕೆಲ್ಲ ಬಹಳ ಚಂದ. ಫೋಟೋ ಸಂಗ್ರಹಕ್ಕೆ ನಾನು ಟಿಫ್ ಹೇಳೋದು ಯಾಕಂದ್ರೆ ಸ್ಕ್ಯಾನರು, ಪ್ರಿಂಟಿಂಗ್ ಪ್ರೆಸ್ಸು, ಆರ್ಕೈವ್ ಎಲ್ಲಾ ಕಡೆ ಅದೇ ವಾಡಿಕೆ, ಫೋಟೋದ ಜೊತೆ ತಾರೀಕು, ಊರು, ಹೆಸರು ಬರೆದಿಟ್ರೆ ಟಿಫಲ್ಲಿ ಅದು ಗಟ್ಟಿಯಾಗಿ ಕೂತ್ಕೊಳ್ತದೆ, ಪಿಎನ್‌ಜಿಗೆ ಎಕ್ಸಿಫ್ (ಫೋಟೋದ ಜೊತೆ ಕೂರುವ ತಾರೀಕು, ಕ್ಯಾಮೆರಾ ಇಂಥ ವಿವರ) ಮಾಹಿತಿಯ ಜಾಗ ಬಂದದ್ದೇ 2017ರಲ್ಲಿ, ಕೆಲವು ಸಾಫ್ಟ್‌ವೇರ್ ಈಗಲೂ ಸೇವ್ ಮಾಡುವಾಗ ಅದನ್ನ ಬೀಳಿಸಿಬಿಡ್ತವೆ. ಟಿಫನ್ನ 1986ರಲ್ಲಿ ಆಲ್ಡಸ್ ಅನ್ನೋ ಕಂಪನಿ ಮಾಡಿದ್ದು, ಈಗ ಅಡೋಬಿ ಕೈಯಲ್ಲಿದೆ, 1992ರ 6.0 ಆವೃತ್ತಿಯೇ ಇವತ್ತೂ ನಡೀತಾ ಉಂಟು. ಮೂವತ್ತು ವರ್ಷ ಅಲುಗಾಡದೆ ಕೂತ ಫಾರ್ಮ್ಯಾಟ್ ಇನ್ನೊಂದು ಮೂವತ್ತು ವರ್ಷ ತೆರೀತದೆ ಅಂತ ಧೈರ್ಯ ಮಾಡ್ಬಹುದು.

ಒಂದು ಹುಷಾರು. ಟಿಫ್ ಅನ್ನೋದು ಡಬ್ಬಿಯ ಹೆಸರು, ಒಳಗೆ ಏನು ಬೇಕಾದ್ರೂ ಇರ್ಬಹುದು, ಜೆಪೆಗ್ ಕಂಪ್ರೆಶನ್ ಕೂಡ. ಸೇವ್ ಮಾಡುವಾಗ "ಕಂಪ್ರೆಶನ್" ಅಂತ ಕೇಳಿದ್ರೆ ನನ್ (None, ಅಂದ್ರೆ ಕುಗ್ಗಿಸೋದೇ ಬೇಡ), ಎಲ್‌ಝಡ್‌ಡಬ್ಲ್ಯೂ ಅಥವಾ ಜಿಪ್ ಇವುಗಳಲ್ಲಿ ಒಂದು ಆರಿಸಿ, ಜೆಪೆಗ್ ಆರಿಸಿದ್ರೆ ಸ್ಟೀಲ್ ಡಬ್ಬಿಯಲ್ಲಿ ಹಳಸಿದ ಸಾಂಬಾರ್ ಹಾಕಿಟ್ಟ ಹಾಗೆ. ಎಲ್‌ಝಡ್‌ಡಬ್ಲ್ಯೂ ಪೇಟೆಂಟ್ ಮುಗಿದು ಇಪ್ಪತ್ತು ವರ್ಷ ಆಯ್ತು, ಆ ಚಿಂತೆ ಬೇಡ. ಆದ್ರೆ 16 ಬಿಟ್ (ಇದೇನು ಅಂತ ಮುಂದೆ ಹೇಳ್ತೇನೆ) ಫೈಲಿಗೆ ಎಲ್‌ಝಡ್‌ಡಬ್ಲ್ಯೂ ಹಾಕಿದ್ರೆ ಕೆಲವೊಮ್ಮೆ ಫೈಲ್ ಸಣ್ಣದಾಗೋ ಬದಲು ದೊಡ್ಡದಾಗ್ತದೆ, ಅಲ್ಲಿ ಜಿಪ್ ಅಥವಾ ನನ್ ವಾಸಿ.

16 ಬಿಟ್ ಬೇಕಾ ಅಂದ್ರೆ, ಎಲ್ಲದಕ್ಕೂ ಬೇಡ. ಆದ್ರೆ 70-80ರ ಕಾಲದ ಬಣ್ಣದ ಪ್ರಿಂಟುಗಳಿದ್ದಾವಲ್ಲ, ಎಲ್ಲರ ಮುಖವೂ ಕೆಂಪು ಕೆಂಪಾಗಿ ಕುಂಕುಮ ನೀರಲ್ಲಿ ಅದ್ದಿದ ಹಾಗೆ, ಅದಕ್ಕೆ ಬೇಕು. ಆ ಕಾಗದದ ಸಯಾನ್ (ಹಸಿರು ಮಿಶ್ರಿತ ನೀಲಿ) ಬಣ್ಣ ಕತ್ತಲಲ್ಲಿಟ್ರೂ ನಿಧಾನ ಮಾಸ್ತಾ ಬರ್ತದೆ, ಕೆಂಪು ಉಳೀತದೆ. ಸರಿ ಮಾಡ್ಬೇಕಾದ್ರೆ ಉಳಿದ ಸ್ವಲ್ಪ ಬಣ್ಣವನ್ನ ಹಿಗ್ಗಿಸ್ಬೇಕು. 8 ಬಿಟ್ಟಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, ಮಾಸಿದ ಫೋಟೋದಲ್ಲಿ ಅದರಲ್ಲಿ 60-70 ಮೆಟ್ಟಿಲು ಮಾತ್ರ ಬಳಕೆಯಲ್ಲಿ ಇರ್ಬಹುದು, ಅದನ್ನ ಎಳೆದು 256ಕ್ಕೆ ಹರಡಿದ್ರೆ ನಡುವೆ ಖಾಲಿ ಬಿಟ್ಟು ಆಕಾಶದಲ್ಲಿ ಪಟ್ಟೆ ಪಟ್ಟೆ ಬರ್ತದೆ. 16 ಬಿಟ್ಟಲ್ಲಿ 65,536 ಮೆಟ್ಟಿಲು, ಎಳೆದ್ರೂ ಹರಿಯೋದಿಲ್ಲ. ಸ್ಕ್ಯಾನರ್ ಸೆಟ್ಟಿಂಗಲ್ಲಿ ಇದು "48 ಬಿಟ್ ಕಲರ್" (ಮೂರು ಬಣ್ಣ, ಒಂದೊಂದಕ್ಕೆ 16) ಅಂತ ಇರ್ತದೆ, ನಿಮ್ಮ ಪ್ರಿಂಟರಲ್ಲಿ ಇಲ್ಲದೆಯೂ ಇರ್ಬಹುದು, ಇಲ್ಲದಿದ್ರೆ ಮಾಸಿದವನ್ನ ಮಾತ್ರ ಬೇರೆ ಇಟ್ಟು ಒಳ್ಳೆ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಇರುವ ಕಡೆ ಮಾಡಿಸಿ. ಟಿಫ್ ಆಪ್ಶನ್ನೇ ಕಾಣ್ಲಿಲ್ಲ ಅಂದ್ರೆ ಕಂಪನಿಯ ಸಾಫ್ಟ್‌ವೇರ್ ಬಿಟ್ಟು ವಿಂಡೋಸಿನ ಒಳಗೇ ಇರುವ "ಫ್ಯಾಕ್ಸ್ ಆಂಡ್ ಸ್ಕ್ಯಾನ್" ತೆರೆದು ನೋಡಿ, ಅದ್ರಲ್ಲಿ ಟಿಫ್ ಉಂಟು.

ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನೋ ಲೆಕ್ಕ) ವಿಷಯ ಚುಟುಕಾಗಿ: ಪೋಸ್ಟ್‌ಕಾರ್ಡ್ ಸೈಜಿನ ಪ್ರಿಂಟಿಗೆ 600 ಸಾಕು, ಪಾಸ್‌ಪೋರ್ಟ್ ಸೈಜಿಗೆ 1200. ಅದಕ್ಕಿಂತ ಜಾಸ್ತಿ ಹಾಕಿದ್ರೆ ಕಾಗದದ ನಾರು ಕಾಣ್ತದೆ, ಮುಖ ಅಲ್ಲ. 4×6 ಇಂಚು 600ರಲ್ಲಿ ಅಂದ್ರೆ 2400×3600, ಅದು 8 ಬಿಟ್ಟಲ್ಲಿ ಸುಮಾರು 26 ಎಂಬಿ, 16 ಬಿಟ್ಟಲ್ಲಿ 52. ಎಲ್ಲಾ 600 ಪ್ರಿಂಟನ್ನೂ ದೊಡ್ಡ ಕೈಯಿಂದ 16 ಬಿಟ್ಟಲ್ಲೇ ಮಾಡಿದ್ರೂ 31 ಜಿಬಿ, ಅಂದ್ರೆ ಇವತ್ತಿನ ಒಂದು ಸಾಧಾರಣ ಪೆನ್‌ಡ್ರೈವ್. ಇದಕ್ಕೋಸ್ಕರ ಜೆಪೆಗಲ್ಲಿ ಜಿಪುಣತನ ಮಾಡುವ ಕಾಲ ಮುಗೀತು ಮಾರಾಯ್ರೆ.

ಮಗಳೋ ಅಳಿಯನೋ ದೊಡ್ಡ ಕ್ಯಾಮೆರಾ ಇಟ್ಕೊಂಡಿದ್ರೆ ರಾ ಫೈಲನ್ನೇ (ಕ್ಯಾಮೆರಾದ ಸೆನ್ಸರ್ ಕೊಟ್ಟ ಮೂಲ ಮಾಹಿತಿ) ಇಡ್ಲಿಕ್ಕೆ ಹೇಳಿ, 12 ಅಥವಾ 14 ಬಿಟ್ಟಿನ ಮಾಹಿತಿ ಅದರಲ್ಲಿ ಇರೋದು, ಬೇಕಿದ್ರೆ ಡಿಎನ್‌ಜಿ (ರಾ ಫೈಲಿನದ್ದೇ ಇನ್ನೊಂದು ಫಾರ್ಮ್ಯಾಟ್) ಮಾಡ್ಬಹುದು ಆದ್ರೆ ಅದರಲ್ಲಿ "ಲಾಸಿ" (ನಷ್ಟ ಆಗುವಂಥ ಕುಗ್ಗಿಸುವಿಕೆ) ಅನ್ನೋ ಟಿಕ್ ತೆಗೆದಿರ್ಬೇಕು. ವೆಬ್‌ಪಿ, ಎವಿಐಎಫ್ ಇವೆಲ್ಲ ವೆಬ್‌ಸೈಟಿನವರ ತಲೆನೋವು, ನಿಮ್ಮದಲ್ಲ. ಜೆಪೆಗ್ ಎಕ್ಸ್‌ಎಲ್ ಒಂದು ನನಗೆ ಇಷ್ಟ, ಹಳೇ ಜೆಪೆಗನ್ನ ಏನೂ ಕಳೆಯದೆ ಸುಮಾರು ಐದನೇ ಒಂದು ಭಾಗ ಸಣ್ಣ ಮಾಡಿ ಬೇಕಾದಾಗ ಯಥಾವತ್ ಅದೇ ಜೆಪೆಗನ್ನ ವಾಪಸ್ ಕೊಡ್ತದೆ, ಆದ್ರೆ ಎಲ್ಲಾ ಕಡೆ ಇನ್ನೂ ತೆರೆಯೋದಿಲ್ಲ, ಅಪ್ಪನ ಫೋಟೋದ ಮೇಲೆ ಪ್ರಯೋಗ ಬೇಡ.

ಮನೆಯವರಿಗೆ ಹಂಚ್ಲಿಕ್ಕೆ ಟಿಫಿಂದ ಒಂದು ಜೆಪೆಗ್ ತೆಗೀರಿ, 85-90 ಕ್ವಾಲಿಟಿಯಲ್ಲಿ, ಬೇರೆ ಫೋಲ್ಡರಲ್ಲಿ. ಅದು ಹಾಳಾದ್ರೆ ಮೂಲದಿಂದ ಇನ್ನೊಂದು ತೆಗೆದ್ರಾಯ್ತು, ಯಾವತ್ತೂ ಹಂಚಿದ ಕಾಪಿಯಿಂದ ಕಾಪಿ ತೆಗೀಬೇಡಿ. ವಾಟ್ಸಾಪಲ್ಲೇ ಕಳಿಸ್ಬೇಕಿದ್ರೆ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಫೈಲನ್ನ ಮುಟ್ಟೋದಿಲ್ಲ.

ಹಾರ್ಡ್‌ಡಿಸ್ಕಿನ ಮಾತಿಗೆ ನನ್ನದೇ ಕತೆ ಹೇಳ್ತೇನೆ. ನನ್ನ ಮದುವೆಯ ಮತ್ತೆ ಊರಿನ ಮನೆಯ ಒಂದಿಷ್ಟು ರೋಲ್ ನೆಗೆಟಿವನ್ನ 2004ರಲ್ಲಿ ಒಂದು ಲ್ಯಾಬಿಗೆ ಕೊಟ್ಟು ಸಿಡಿ ಮಾಡಿಸಿದೆ, ಹೆಸರು ಬೇಡ. ಆಗ ನನಗೆ ಈ ವಿದ್ಯೆ ಇರ್ಲಿಲ್ಲ, "ಸಿಡಿಯಲ್ಲಿ ಹಾಕಿ ಕೊಡಿ" ಅಂದೆ, ಅವರು ಹಾಕಿ ಕೊಟ್ರು. ಮರುವರ್ಷ ಜುಲೈ 26, ಸಾಂತಾಕ್ರೂಝಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ, ನಾವು ಆಗ ಕಲೀನಾದಲ್ಲಿ ಗ್ರೌಂಡ್ ಫ್ಲೋರ್. ಮಂಚದ ಅಡಿಯ ಟ್ರಂಕು ಎರಡು ದಿನ ನೀರಲ್ಲಿ. ನೆಗೆಟಿವಿನ ಮೇಲಿರೋದು ಜಿಲಾಟಿನ್ ಪದರ, ನೆನೆದು ಒಣಗಿದಾಗ ಸ್ಟ್ರಿಪ್ಪಿಗೆ ಸ್ಟ್ರಿಪ್ ಅಂಟಿ ಇಟ್ಟಿಗೆ ಆಗಿತ್ತು, ಬಿಡಿಸಿದ್ರೆ ಚಿತ್ರವೇ ಕಿತ್ತು ಬರ್ತಿತ್ತು. ಸಿಡಿ ಕಪಾಟಿನ ಮೇಲಿದ್ದದ್ದಕ್ಕೆ ಉಳೀತು. ತೆರೆದು ನೋಡ್ತೇನೆ, ಎಲ್ಲಾ 1536×1024ರ ಜೆಪೆಗ್, ಒಂದೊಂದೂ ಅರ್ಧ ಎಂಬಿಗಿಂತ ಕಮ್ಮಿ. ಅಮ್ಮ ಅಂಗಳದಲ್ಲಿ ಕೂತು ಅಡಿಕೆ ಸುಲಿಯುವ ಫೋಟೋ ಒಂದುಂಟು, ದೊಡ್ಡದು ಮಾಡಿ ಗೋಡೆಗೆ ಹಾಕುವಾ ಅಂದ್ರೆ ಅಮ್ಮನ ಮೂಗುತಿ ಇರುವಲ್ಲಿ ನಾಲ್ಕು ಬಿಳಿ ಚೌಕ. ಅದೇ ಫ್ರೇಮನ್ನ ಇವತ್ತು 3200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ್ರೆ 4500×3000 ಪಿಕ್ಸೆಲ್ ಸಿಗ್ತಿತ್ತು.

ಹಾಗಾಗಿ ಮೂರು ಕಾಪಿ, ಎರಡು ಬೇರೆ ಬೇರೆ ನಮೂನೆಯ ಕಡೆ, ಅದ್ರಲ್ಲಿ ಒಂದು ಮನೆಯಿಂದ ಹೊರಗೆ. ಪೀಟರ್ ಕ್ರೋಗ್ ಅನ್ನೋ ಫೋಟೋಗ್ರಾಫರ್ ಇದನ್ನ 3-2-1 ಅಂತ ಹೇಳಿ ಜನಪ್ರಿಯ ಮಾಡಿದ್ರು. ನಿಮಗೆ ಸುಲಭ: ಒಂದು ಡೊಂಬಿವಲಿಯ ಡಿಸ್ಕ್, ಒಂದು ಪುಣೆಯ ತಂಗಿ ಮನೆಯ ಡಿಸ್ಕ್, ಒಂದು ಕ್ಲೌಡ್. ತಂಗಿ ಮಗ ಕಂಪ್ಯೂಟರ್ ಬಲ್ಲವನಾದ್ರೆ ಫೋಲ್ಡರಿಗೆ ಚೆಕ್‌ಸಮ್ ಮಾಡಿಡ್ಲಿಕ್ಕೆ ಹೇಳಿ, ಅಂದ್ರೆ ಪ್ರತಿ ಫೈಲಿನ ಅಂಕಿಗಳಿಂದ ಲೆಕ್ಕ ಹಾಕಿದ ಒಂದು ಗುರುತಿನ ಸಂಖ್ಯೆ, ವರ್ಷಕ್ಕೊಮ್ಮೆ ತಾಳೆ ನೋಡಿದ್ರೆ ಡಿಸ್ಕಲ್ಲಿ ಯಾವ ಫೈಲಾದ್ರೂ ಒಳಗೊಳಗೇ ಕೆಟ್ಟಿದ್ರೆ ಗೊತ್ತಾಗ್ತದೆ. ಅವನು ಹೆದರಿದ "ವರ್ಷ ಹೋದ ಹಾಗೆ ಹಾಳಾಗೋದು" ನಿಜವಾಗಿ ಅದೇ, ಅದಕ್ಕೆ ಫಾರ್ಮ್ಯಾಟ್ ಮದ್ದಲ್ಲ.

ಶುರು ಎಲ್ಲಿಂದ ಅಂದ್ರೆ ಆ ಬಿಸ್ಕತ್ ಡಬ್ಬಿಯಿಂದ. ಪ್ರಿಂಟಲ್ಲಿ ಇಲ್ಲದ ವಿವರ ನೆಗೆಟಿವಲ್ಲಿ ಇರ್ತದೆ, ನಿಮ್ಮ ಮನೆಯ ಪ್ರಿಂಟರಲ್ಲಿ ಅದು ಆಗೋದಿಲ್ಲ, ಹಿಂದಿನಿಂದ ಬೆಳಕು ಬರುವ ಫಿಲ್ಮ್ ಸ್ಕ್ಯಾನರ್ ಬೇಕು. ಕೊಡುವಾಗ ಬಾಯಲ್ಲಿ ಹೇಳ್ಬೇಡಿ, ಚೀಟಿಯಲ್ಲಿ ಬರೆದು ಕೊಡಿ: 3200 ಡಿಪಿಐ, 16 ಬಿಟ್, ಟಿಫ್, ಜೆಪೆಗ್ ಕಂಪ್ರೆಶನ್ ಬೇಡ. ಧೂಳು ತೆಗೆಯುವ ಡಿಜಿಟಲ್ ಐಸ್ ಅಂತ ಒಂದುಂಟು, ಬಣ್ಣದ ನೆಗೆಟಿವಿಗೆ ಹಾಕ್ಲಿ, ಕಪ್ಪು ಬಿಳುಪಿಗೆ ಬೇಡ, ಅದರಲ್ಲಿರೋ ಬೆಳ್ಳಿಯನ್ನೇ ಧೂಳು ಅಂದ್ಕೊಂಡು ಒರೆಸಿ ಬಿಡ್ತದೆ. ಡಬ್ಬಿ ತೆರೆದಾಗ ಮೊದಲು ಒಮ್ಮೆ ಮೂಸಿ ನೋಡಿ, ವಿನೆಗರ್ ಹಾಗೆ ಹುಳಿ ವಾಸನೆ ಬಂದ್ರೆ ಫಿಲ್ಮಿನ ಪ್ಲಾಸ್ಟಿಕ್ಕೇ ಕೆಡ್ಲಿಕ್ಕೆ ಶುರುವಾಗಿದೆ ಅಂತ ಅರ್ಥ, ಆ ಸ್ಟ್ರಿಪ್ಪುಗಳನ್ನ ಬೇರೆಯವುಗಳಿಂದ ದೂರ ಇಟ್ಟು ಈ ಮಳೆಗಾಲ ಬರುವ ಮುಂಚೆ ಅವನ್ನೇ ಮೊದಲು ಮಾಡಿಸಿ, ಪ್ರಿಂಟುಗಳು ದೀಪಾವಳಿ ತನಕ ಕಾಯ್ತವೆ.